ಎಲ್ಲ ಮಹಡಿಗೂ ಮಂಡಿನೋವು

ತೊಂದರೆ ಶುರುವಾದದ್ದು ಎರಡನೇ ಮಹಡಿಯ ಟೀಚರಮ್ಮನ ಮಂಡಿನೋವಿನಿಂದ.

ಆರನೇ ಮಹಡಿಯಲ್ಲಿದ್ದ ನಮ್ಮ ಕಥಾನಾಯಕನನ್ನು ಕಟ್ಟಡದವರೆಲ್ಲ ಸರ್ಕೀಟಪ್ಪ ಎನ್ನುತ್ತಿದ್ದರು. ಕೆಲಸ, ಲಿಫ್ಟಿನ ಕಂಟ್ರೋಲ್ ಬೋರ್ಡಿಗೆ ಪ್ರೋಗ್ರಾಮ್ ಬರೆಯುವುದು. ಇಷ್ಟು ವರ್ಷ ಅವನು ಇಡೀ ಪ್ರೋಗ್ರಾಮನ್ನು ಬಾವಿ ಹಗ್ಗದ ಹಾಗೆ ಒಂದೇ ಉದ್ದಕ್ಕೆ ಹೊಸೆದು ಜೀವನ ಸಾಗಿಸಿದ್ದ. ಈಗ ಕಂಪನಿಗೆ ಹೊಸ ಗಾಳಿ ಬೀಸಿತ್ತು. ಪ್ರೋಗ್ರಾಮನ್ನು ಬಿಡಿ ಬಿಡಿ ಭಾಗವಾಗಿ ಬರೆಯುವ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿ ಕಲಿತು ಪಾಸಾಗು, ಇಲ್ಲವೇ ಗೋಡೌನಿನಲ್ಲಿ ಸ್ಕ್ರೂ ಎಣಿಸುತ್ತಿರು ಎಂದು ಮ್ಯಾನೇಜರು ನಯವಾಗಿಯೇ ಹೇಳಿದ್ದರು.

ಸಂಜೆ ಪಾಠ ಹೇಳುತ್ತಿದ್ದ ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ಪ್ರತಿಯೊಂದು ಮಹಡಿಯೂ ಒಂದು ಆಬ್ಜೆಕ್ಟು, ತನ್ನ ಕೆಲಸ ತಾನು ನೋಡಿಕೊಳ್ಳಬೇಕು. ಎಲ್ಲಕ್ಕೂ ಸಾಮಾನ್ಯವಾದ ಗುಣ ಮಾತ್ರ ತಾಯಿ ಕ್ಲಾಸು ಎಂಬ ಮೂಲ ನಮೂನೆಯಲ್ಲಿರಬೇಕು, ಅಲ್ಲಿ ಬರೆದದ್ದು ಮಕ್ಕಳಿಗೆಲ್ಲ ತಾನಾಗಿ ಬರುತ್ತದೆ. ಲಿಫ್ಟು ತಡವಾಗಿ ಸರಿಯಾದ ಕೆಲಸ ಮಾಡಿದರೂ ಅದು ತಪ್ಪೇ. ಇವಿಷ್ಟನ್ನು ಸರ್ಕೀಟಪ್ಪ ನಿದ್ದೆಯಲ್ಲೂ ಒಪ್ಪಿಸುತ್ತಿದ್ದ. ಅಭ್ಯಾಸಕ್ಕೆಂದು ಕಂಪನಿ ಅವನ ಕಟ್ಟಡದ ಲಿಫ್ಟಿಗೇ ಹೊಸ ಬೋರ್ಡು ಹಾಕಿಕೊಟ್ಟಿತ್ತು. ಬ್ರೇಕು, ಬಾಗಿಲ ಬೀಗ ಮುಟ್ಟುವಂತಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಅನ್ನುವುದಷ್ಟೇ ಅವನ ಪಾಲು. ಅವತ್ತು ಸಂಜೆ ಮೇಷ್ಟ್ರೇ ಬಂದು, ಆ ಲಿಫ್ಟಿನಲ್ಲಿ ಆರನೇ ಮಹಡಿಗೆ ಹತ್ತಿ ಪರೀಕ್ಷೆ ಮಾಡುವವರಿದ್ದರು.

ಬೆಳಗ್ಗೆ ಎಲ್ಲ ಸಿದ್ಧವಾಗಿತ್ತು. ಆಗ ಟೀಚರಮ್ಮ ಕುಂಟುತ್ತ ಬಂದರು.

"ನಾನು ಗುಂಡಿ ಹುಡುಕಿ ಒತ್ತೋಷ್ಟರಲ್ಲಿ ಅದು ಹೊರಟೇ ಹೋಗತ್ತಪ್ಪ. ಹೋಗ್ತಾ ಬರ್ತಾ ನನ್ನ ಮಹಡೀಲಿ ಸುಮ್ನೆ ನಿಂತು ಹೋಗೋ ಹಾಗೆ ಮಾಡು. ನಿಂಗೇನು ಮಹಾ."

ಹೆಂಡತಿಗೆ ಲೆಕ್ಕ ಕಲಿಸಿದ ಟೀಚರು. ಇಲ್ಲ ಅಂದರೆ ಮನೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಅಷ್ಟರಲ್ಲಿ ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರಿಗೂ ಸುದ್ದಿ ಮುಟ್ಟಿತು. ತನ್ನ ರೋಗಿಗಳಿಗೆ ಲಿಫ್ಟಿನಿಂದ ಇಳಿಯಲು ಧೈರ್ಯ ಸಾಲುವುದಿಲ್ಲ, ಅವರು ಮನಸ್ಸು ಗಟ್ಟಿ ಮಾಡಿಕೊಳ್ಳುವ ತನಕ ಬಾಗಿಲು ತೆರೆದೇ ಇರಲಿ ಎಂದು ಅವರ ಕೋರಿಕೆ. ಸರ್ಕೀಟಪ್ಪ ತಾರಸಿಯ ಮೇಲಿನ ಮೆಷಿನ್ ರೂಮಿಗೆ ಹೋಗಿ ಎರಡನ್ನೂ ಬರೆಯತೊಡಗಿದ. ಕೆಳಗಿನಿಂದ ಹೆಂಡತಿ, ತಿಂಡಿ ಆರಿಹೋಯಿತೆಂದು ಮೂರನೇ ಸಲ ಕೂಗಿದಳು. ಅವಸರದಲ್ಲಿ ಮುಗಿಸಿ ಇಳಿದ.

ಮಧ್ಯಾಹ್ನ ಅಂಗಡಿಗೆ ಹೊರಟು ಲಿಫ್ಟು ಹತ್ತಿದಾಗ ಅದು ಐದರಲ್ಲಿ ನಿಂತಿತು. ಯಾರೂ ಇರಲಿಲ್ಲ. ಬಾಗಿಲು ಎಮ್ಮೆ ಆಕಳಿಸಿದ ಹಾಗೆ ತೆರೆದುಕೊಂಡೇ ಇತ್ತು. ನಾಲ್ಕರಲ್ಲೂ ಹಾಗೇ, ಮೂರರಲ್ಲೂ ಹಾಗೇ. ಸರ್ಕೀಟಪ್ಪನಿಗೆ ಆಗ ಹೊಳೆಯಿತು. ಎರಡನೇ ಮಹಡಿಗೆ, ನಾಲ್ಕನೇ ಮಹಡಿಗೆ ಬರೆಯಬೇಕಾದದ್ದನ್ನು ತಾಯಿ ಕ್ಲಾಸಿಗೇ ಬರೆದುಬಿಟ್ಟಿದ್ದ. ಟೀಚರಮ್ಮನ ಮಂಡಿನೋವು, ಡಾಕ್ಟರ ರೋಗಿಗಳ ಪುಕ್ಕಲುತನ ಎರಡೂ ಎಲ್ಲ ಮಹಡಿಗೂ ವಂಶಪಾರಂಪರ್ಯವಾಗಿ ಬಂದುಬಿಟ್ಟಿದ್ದವು.

ಮೆಟ್ಟಿಲು ಹತ್ತಿ ಓಡಿದ. ಮೆಷಿನ್ ರೂಮಿಗೆ ಬೀಗ. ಕೀಲಿ ವಾಚ್‌ಮನ್ ಹತ್ತಿರ. ವಾಚ್‌ಮನ್ ಯಾರದೋ ಗ್ಯಾಸ್ ಸಿಲಿಂಡರು ತಲುಪಿಸಲು ಹೊರಟು, ಒಂದೊಂದು ಮಹಡಿಯಲ್ಲೂ ಸಿಕ್ಕವರ ಜೊತೆ ಹರಟುತ್ತ ಕೂತಿದ್ದ. ಇವನು ಮೇಲೆ ಹುಡುಕಿದರೆ ಅವನು ಕೆಳಗೆ, ಕೆಳಗೆ ಹುಡುಕಿದರೆ ಮೇಲೆ. ಅಂತೂ ಸಂಜೆ ಕೀಲಿ ಕೈಗೆ ಬಂದಾಗ, ಮೇಷ್ಟ್ರು ಆಗಲೇ ಲಿಫ್ಟು ಹತ್ತಿಯಾಗಿದೆ ಎಂದು ವಾಚ್‌ಮನ್ನೇ ತಿಳಿಸಿದ.

ಒಳಗೆ ಜನರಿರುವಾಗ ಬೋರ್ಡು ಮುಟ್ಟುವಂತಿಲ್ಲ. ಸರ್ಕೀಟಪ್ಪ ಆರನೇ ಮಹಡಿಯ ಲಿಫ್ಟಿನ ಬಾಗಿಲ ಮುಂದೆ ಮಹಡಿ ತೋರಿಸುವ ದೀಪ ನೋಡುತ್ತ ನಿಂತ. ಒಂದು ಅಂತ ದೀಪ ಹತ್ತಿ ಅಲ್ಲೇ ಉಳಿಯಿತು. ಆಮೇಲೆ ಎರಡು. ಒಳಗಿನಿಂದ ಟೀಚರಮ್ಮನ ದನಿ, ಯಾರದೋ ನಗು. ನಾಲ್ಕರಲ್ಲಿ ಡಾಕ್ಟರು ಮೇಷ್ಟ್ರಿಗೆ ‘ಆ’ ಅನ್ನಿ ಎನ್ನುತ್ತಿದ್ದದ್ದೂ ಕೇಳಿಸಿತು. ಕೊನೆಗೂ ಬಾಗಿಲು ತೆರೆದಾಗ ಮೇಷ್ಟ್ರ ಹಿಂದೆ ಅರ್ಧ ಕಟ್ಟಡವೇ ಇತ್ತು.

ಮೇಷ್ಟ್ರು ಗಡಿಯಾರ ನೋಡಿಕೊಂಡು ಒಂದೇ ಮಾತು ಹೇಳಿದರು. "ಫೇಲು."

ಒಂದು ನಿಮಿಷ ಕೊಡಿ, ಈಗಲೇ ಸರಿಮಾಡುತ್ತೇನೆ ಎಂದು ಸರ್ಕೀಟಪ್ಪ ಮೆಷಿನ್ ರೂಮಿನತ್ತ ತಿರುಗಿದ. ಟೀಚರಮ್ಮ ಅಡ್ಡ ನಿಂತರು. ಪ್ರತಿ ಮಹಡಿಯವರೂ ಲಿಫ್ಟು ತಮಗೋಸ್ಕರವೇ ನಿಲ್ಲುತ್ತಿದೆ ಎಂದುಕೊಂಡು ಹಿಗ್ಗಿಹೋಗಿದ್ದರು. ಮುಟ್ಟಿದರೆ ಸರಿಯಿರುವುದಿಲ್ಲ ಎಂದು ಡಾಕ್ಟರು ಕೀಲಿಯನ್ನೇ ಕಿತ್ತುಕೊಂಡರು.

ಸೋತ ಮುಖದಲ್ಲಿ ಸರ್ಕೀಟಪ್ಪ ಮೇಷ್ಟ್ರನ್ನು ಬೀಳ್ಕೊಡಲು ಕೈಮುಗಿದ. ಮೇಷ್ಟ್ರು ಮಾತ್ರ ಕದಲಲಿಲ್ಲ.

"ನಮ್ ಕಟ್ಟಡದ ಲಿಫ್ಟು ಕಣ್ಮುಚ್ಚಿ ತೆರೆಯೋಷ್ಟರಲ್ಲಿ ಮೇಲಿರತ್ತೆ. ಎಷ್ಟು ವರ್ಷ ಆದ್ರೂ ಒಬ್ರೂ ನನ್ನ ಹೇಗಿದೀರಿ ಅಂತ ಕೇಳಿಲ್ಲ. ಇಲ್ಲಿ ಒಂದ್ಸಲ ಹತ್ತಿ ಬರೋಷ್ಟರಲ್ಲಿ ನನ್ನ ಬಿಪಿ, ಹಲ್ಲು, ಮಗಳ ಸಂಸಾರ ಎಲ್ಲಾ ವಿಚಾರಿಸಿಬಿಟ್ರು." ಅವರು ಕನ್ನಡಕ ಒರೆಸಿಕೊಂಡರು. "ನಿಮ್ಮೆದುರು ಮನೆ ಖಾಲಿ ಇದೆಯಂತೆ. ಓನರ್ ಜೊತೆ ಮೂರನೇ ಮಹಡೀಲೇ ಮಾತಾಡಿ ಮುಗಿಸ್ದೆ. ಇನ್ನು ಪಾಠಕ್ಕೆ ನೀವು ಅಷ್ಟು ದೂರ ಬರೋದು ಬೇಡ. ದಿನಾ ಬೆಳಗ್ಗೆ ನಾನೇ ಬಾಗಿಲು ತಟ್ತೀನಿ."

ಬಹಳ ಸಂತೋಷ ಸಾರ್ ಎಂದ ಸರ್ಕೀಟಪ್ಪ, ಗೋಡೆ ಹಿಡಿದುಕೊಂಡು.

ಮೇಷ್ಟ್ರ ಬೀರು, ಮಂಚ, ನಾಲ್ಕು ಕಪಾಟು ಪುಸ್ತಕ ಭಾನುವಾರ ಬರುವುದೆಂದು ಅಲ್ಲೇ ತೀರ್ಮಾನವಾಯಿತು. ಈ ಲಿಫ್ಟಿನಲ್ಲಿ ಸಾಮಾನು ಏರಿಸುತ್ತ ಕೂತರೆ ಕತ್ತಲಾಗುತ್ತದೆ, ಮೆಟ್ಟಿಲಲ್ಲಿ ಹೊತ್ತು ತರಲು ಸರ್ಕೀಟಪ್ಪ ಇದ್ದಾನಲ್ಲ ಎಂದು ಟೀಚರಮ್ಮನೇ ಏರ್ಪಾಡು ಮಾಡಿಬಿಟ್ಟರು.