ಪಾಸ್ ಕ್ಲಾಸಿನ ಸ್ಲೀಪಿಂಗ್ ಬ್ಯಾಗು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಅದರ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಅದರ ತ್ರಾಸೂ ತಪ್ಪಿಲ್ಲ. ಔಷಧದ ಬಾಟಲಿ, ಗೊಬ್ಬರದ ಚೀಲ, ಮಿಕ್ಸರಿನ ಡಬ್ಬಿ, ಮೇಲೆ ಅಕ್ಷರ ಇರುವ ಏನೇ ಬಂದರೂ ನನ್ನ ಹುಟ್ಟೂರು ಹೆಬ್ಬಳ್ಳಿಯ ಮಂದಿ ನನ್ನ ಕೈಗಿಟ್ಟು, ‘ನೀ ಓದಿದಾವ, ನೋಡು’ ಎನ್ನುತ್ತಾರೆ. ಓದಿ ಓದಿ, ಚೀಟಿ ಅಂಟಿಸಿದ ಯಾವ ವಸ್ತುವೂ ನನಗೆ ಮೋಸ ಮಾಡಲಾರದು ಎಂಬ ಧೈರ್ಯ ಬಂದುಬಿಟ್ಟಿತ್ತು. ಸ್ಲೀಪಿಂಗ್ ಬ್ಯಾಗು ಕೊಳ್ಳಲು ಹೋಗುವವರೆಗೆ ಅದು ಇತ್ತು.

ಕಾಲೇಜಿಗೆ ಹೋಗುವ ಮಗಳು ಅಕ್ಷತಾ ಒಂದು ದಿನ, ‘ಅಪ್ಪಾ, ಗೆಳತ್ಯಾರೆಲ್ಲಾ ದಾಂಡೇಲಿ ಕಡೆ ಕ್ಯಾಂಪಿಗೆ ಹೊಂಟೇವಿ. ಮನಿಯವರೂ ಬರಾಕತ್ತಾರ. ನೀನೂ ಬಾ’ ಎಂದಳು. ಮಾಸ್ತರನಾದ ನನ್ನ ಜೊತೆ ಪೇಟೆಗೆ ಬರಲೂ ಮುಜುಗರಪಡುವ ಹುಡುಗಿ ತಾನಾಗಿ ಕರೆದಿದ್ದಳು. ಅಲ್ಲಿ ಗೊಣಗಿ ಅವಳ ಮಾನ ಕಳೆದರೆ ಇನ್ನೊಮ್ಮೆ ಕರೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸ್ಲೀಪಿಂಗ್ ಬ್ಯಾಗು ಕೇಳಿದಾಗ ಹುಬ್ಬಳ್ಳಿಯ ಅಂಗಡಿಯವನು, ‘ಬ್ಯಾಸಗಿಗೆ ತೆಳ್ಳಂದು, ಮಳಿಗಾಲಕ್ಕ ಲಗೂ ಒಣಗೂದು, ಚಳಿಗಾಲಕ್ಕ ದಪ್ಪಂದು, ಮೂರು ತಗೊಂಡ್ರ ಛಲೋ ಸರ್’ ಎಂದ. ‘ಮೂರೂ ಕಾಲಕ್ಕ ಒಂದ ಕೊಡ್ರಿ, ಸೋವಿದು’ ಎಂದೆ. ಅವನು ಕೊಟ್ಟ ಬ್ಯಾಗಿನ ಚೀಟಿ ಓದಿದೆ. ಹದಿನೈದು ಡಿಗ್ರಿಯವರೆಗೆ ಆರಾಮ, ಹತ್ತಕ್ಕೆ ಮಿತಿ, ಅದರ ಕೆಳಗೆ ಜೀವ ಉಳಿದರೆ ಪುಣ್ಯ. ಮಾಸ್ತರನ ಬುದ್ಧಿ ಓಡಿತು: ಹದಿನೈದು ಫಸ್ಟ್ ಕ್ಲಾಸು, ಹತ್ತು ಪಾಸ್ ಕ್ಲಾಸು. ಇಡೀ ಜೀವನವನ್ನೇ ಪಾಸ್ ಕ್ಲಾಸಿನಲ್ಲಿ ದಾಟಿದವನಿಗೆ ಹತ್ತು ಸಾಲದೇ? ‘ಅಪ್ಪಾ, ಇದು ಪರೀಕ್ಷಾ ಅಲ್ಲ. ಆರಾಮಿನ ನಂಬರ್ ನೋಡು’ ಎಂದು ಅಕ್ಷತಾ ಹಣೆ ಬಡಿದುಕೊಂಡಳು. ನಾನು ಕೇಳಲಿಲ್ಲ. ಅವಳಿಗೆ ಮಾತ್ರ ದಪ್ಪನೆಯದು ಕೊಡಿಸಿದೆ.

ನಿಜ ಹೇಳಬೇಕೆಂದರೆ, ಅಂಗಡಿಯಲ್ಲೇ ನನ್ನ ಬ್ಯಾಗಿನೊಳಗೆ ಮಲಗಿ ನೋಡಿದಾಗ ನನಗೆ ಚಳಿಗಿಂತ ಒಂಟಿತನದ ಹೆದರಿಕೆ ಹುಟ್ಟಿತು. ನಾವು ನಾಲ್ವರು ಅಣ್ಣತಮ್ಮಂದಿರು ಅವ್ವನ ಹಳೆಯ ಸೀರೆಗಳಿಂದ ಹೊಲಿದ ಒಂದೇ ಕೌದಿಯೊಳಗೆ ಬೆಳೆದವರು. ಓದುವವನೆಂದು ನನಗೆ ಕಂದೀಲಿನ ಮಗ್ಗುಲಿನ ಅಂಚು ಸಿಕ್ಕಿತ್ತು. ನಡುವಿನವರು ಕೌದಿ ಎಳೆದುಕೊಂಡರೆ ಅಂಚಿನವನಿಗೆ ಉಳಿಯುವುದು ಒಂದಿಷ್ಟು ದಾರ. ನಿದ್ದೆ ಬಾರದ್ದರಿಂದ ಓದಿದೆ. ಬೆಚ್ಚಗೆ ಮಲಗಿದ ಮೂವರೂ ಎಸ್ಸೆಸ್ಸೆಲ್ಸಿಯಲ್ಲೇ ಉಳಿದರು. ಆ ಕೌದಿ ಇನ್ನೊಂದು ಗೇಣು ಅಗಲವಿದ್ದಿದ್ದರೆ ನಾನು ಬಿ.ಎ. ಆಗುತ್ತಿರಲಿಲ್ಲ. ಆದರೂ ಅಣ್ಣನ ಬೆನ್ನಿನ ಬಿಸುಪು ಈಗಲೂ ನೆನಪಾಗುತ್ತದೆ, ಅವನ ಒದೆತಗಳೂ.

ಹುಬ್ಬಳ್ಳಿಯ ಉಣಕಲ್ಲಿನಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಜಿಪ್ಪು ಎಳೆದುಕೊಂಡು ಮಲಗಿ ತೋರಿಸಿದೆ. ಅವ್ವ ಗಾಬರಿಯಾಗಿ, ‘ಏಳೋ ಮೊದ್ಲ! ನಮ್ಮ ಮಂದ್ಯಾಗ ಸತ್ತವರನ್ನೂ ಕುಂಡ್ರಿಸಿ ಮಣ್ಣು ಮಾಡ್ತಾರ. ನೀ ಬದುಕಿದ್ದಾಗನ ಹಿಂಗ ಉದ್ದಕ ಕಟ್ಟಿಸ್ಕೊಂಡು ಬಿದ್ದೀಯಲ್ಲೋ!’ ಎಂದಳು. ಏಳೋಣವೆಂದರೆ ಜಿಪ್ಪು ಸಿಕ್ಕಿಕೊಂಡಿತ್ತು. ಅಕ್ಷತಾ ನಗುತ್ತ ಬಂದು ಬಿಡಿಸಿದಳು.

ಕ್ಯಾಂಪಿನ ರಾತ್ರಿ ಕಾಳಿ ನದಿಯ ದಂಡೆಯಲ್ಲಿ ಚಳಿ ಹದಿನೈದಕ್ಕೂ ಹತ್ತಕ್ಕೂ ನಡುವೆ ಎಲ್ಲೋ ನಿಂತಿತ್ತು. ಅಂದರೆ ನಾನು ಸಾಯುವಂತಿರಲಿಲ್ಲ, ಮಲಗುವಂತೆಯೂ ಇರಲಿಲ್ಲ. ಪಕ್ಕದ ಬ್ಯಾಗಿನಿಂದ ಅಕ್ಷತಾ, ‘ಅಪ್ಪಾ, ಥಂಡಿ ಆಗಾಕತ್ತೈತೇನು?’ ಎಂದಳು. ಹಲ್ಲು ಕಚ್ಚಿ ಹಿಡಿದು, ‘ಛೇ, ಬೆವರಾಕತ್ತೇನಿ’ ಎಂದೆ. ಒಂದು ಮಾತೂ ಗೊಣಗದೆ, ಕಣ್ಣಿಗೆ ಕಣ್ಣು ಹಚ್ಚದೆ ನಡುಗಿದೆ.

ಬೆಳಿಗ್ಗೆ ಚಹಾದ ಹೊತ್ತಿಗೆ ಗೆಳತಿಯರೆಲ್ಲ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೂತಿದ್ದರು. ಒಬ್ಬಳು, ‘ಅಂಕಲ್, ನಿದ್ದಿ ಛಲೋ ಆತೇನ್ರಿ?’ ಎಂದಳು. ‘ಎಲ್ಲೀದವಾ, ಒಂದೀಟೂ ಕಣ್ಣು ಹತ್ತಲಿಲ್ಲ’ ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ‘ಖರೇನ ಅಪ್ಪಾ? ನಿನ್ನ ಗೊರಕಿಗೆ ಗಿಡದಾಗಿನ ಮಂಗ್ಯಾಗೋಳು ಸೈತ ಎದ್ದು ಕುಂತಿದ್ವು’ ಎಂದಳು ಅಕ್ಷತಾ. ‘ಮುಂದಿನ ಸಲ ನಿನಗ ಬ್ಯಾರೆ ಟೆಂಟ್. ಅಗೋ, ಆ ದೊಡ್ಡ ಮಾವಿನ ಗಿಡದ ಬುಡಕ್ಕ!’

ಮತ್ತೆ ನಗು. ನಾನು ನಾಚಿಕೊಂಡಂತೆ ತಲೆ ತಗ್ಗಿಸಿದೆ. ಅವಳ ಅಷ್ಟೂ ಮಾತಿನಲ್ಲಿ ನನಗೆ ಕೇಳಿಸಿದ್ದು ‘ಮುಂದಿನ ಸಲ’ ಎಂಬುದಷ್ಟೇ. ಚಹಾ ಮುಗಿಸಿ ಯಾರಿಗೂ ಕಾಣದ ಹಾಗೆ ಆ ಗಿಡದ ತನಕ ಹೋಗಿ ನೋಡಿ ಬಂದೆ. ಜಾಗ ಸಪಾಟಾಗಿದೆ, ನೆರಳೂ ಅಡ್ಡಿಯಿಲ್ಲ.