ಹಪ್ಪಳದ ಪಕ್ಕ ಒಣಗಿಸಿದ ನಾಟಕ

ಅಜ್ಜಾವರದ ಆಚೆಯ ನಮ್ಮೂರಿಗೆ ರಸ್ತೆ ಬರುವುದಾದರೆ ನನ್ನ ನಾಟಕದಿಂದಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಶಾಲಾ ಮಾಸ್ಟ್ರಿಗೆ ಸಂಬಳ ಕಡಿಮೆ, ನಂಬಿಕೆ ಜಾಸ್ತಿ! ದಾರಿಗೆ ಜಾಗ ಬಿಡದ ಪಟೇಲನನ್ನು ಯುವಕನೊಬ್ಬ ವಾದದಲ್ಲಿ ಸೋಲಿಸುವ ಕಥೆ. ನೋಡಲು ಬರುವವರು ಬ್ಲಾಕ್ ಆಫೀಸಿನ ಸಾಹೇಬರು. ಅವರ ಮನಸ್ಸು ಕರಗಿದರೆ ರಸ್ತೆ ಮಂಜೂರು.

ನಾಟಕ ನಾಳಿದ್ದು ಎನ್ನುವಾಗ ಹಸ್ತಪ್ರತಿಯ ಮೇಲೆ ಕಾಫಿ ಚೆಲ್ಲಿದೆ. ಗಾಬರಿಯಾಗಲಿಲ್ಲ. ಅಂಗಳದಲ್ಲಿ ಹೆಂಡತಿ ಒಣಹಾಕಿದ್ದ ಹಲಸಿನ ಹಪ್ಪಳದ ಪಕ್ಕ ಹಾಳೆಗಳನ್ನು ಹರಡಿ, ಕಲ್ಲು ಹೇರಿ, ಸ್ನಾನಕ್ಕೆ ಹೋದೆ. ನಾನು ನೀರು ಹೊಯ್ದುಕೊಳ್ಳುವಾಗ ಆಕಾಶವೂ ಹೊಯ್ಯತೊಡಗಿತು!

ಒದ್ದೆ ಪಂಚೆಯಲ್ಲೇ ಓಡಿ ಬಂದೆ. ಹಪ್ಪಳ ಜಗಲಿ ಸೇರಿತ್ತು. ನಾಟಕ ನೀಲಿ ನೀರಾಗಿ ಅಂಗಳದಲ್ಲಿ ಹರಿಯುತ್ತಿತ್ತು.

“ಇದನ್ನು ಯಾಕೆ ತೆಗೀಲಿಲ್ಲ?”

“ನನಗಿರುದು ಎರಡೇ ಕೈ ಮಾರಾಯ್ರೆ! ನಾಟಕದ್ದು ಇನ್ನೊಂದು ಪ್ರತಿ ಉಂಟಲ್ಲ?”

ಇರಲಿಲ್ಲ. ಬರೆದವನಿಗೆ ನೆನಪಿರಬೇಡವೇ ಎಂದು ಕೇಳಬೇಡಿ, ಆಗ ನನ್ನ ಹೆಸರೇ ನೆನಪಿರಲಿಲ್ಲ.

ಪಾತ್ರಧಾರಿಗಳ ಬಾಯಲ್ಲಾದರೂ ಉಳಿದಿರಬಹುದೆಂದು ಕಾಗದ ಹಿಡಿದು ಹೊರಟೆ. ಯುವಕನ ಪಾತ್ರದ ಶೀನಪ್ಪನಿಗೆ “ಪಟೇಲರೇ!” ಎಂಬಲ್ಲಿಯವರೆಗೆ ಬರುತ್ತಿತ್ತು.

“ಮುಂದೆ?”

“ನೀವು ಪರದೆ ಹಿಂದಿನಿಂದ ಹೇಳಿಕೊಡ್ತೀರಲ್ಲ ಅಂತ ಕಲೀಲಿಲ್ಲ ಮಾಸ್ಟ್ರೆ.”

ಪಟೇಲನಾಗುವ ಕುಶಾಲಪ್ಪ ಗೌಡರು ಮಾತ್ರ ತಾಳಮದ್ದಳೆಯ ಹುಲಿ. ಎದುರು ಕೂತು ವಾದಿಸಿದವರು ಅಳುತ್ತಾ ಮನೆಗೆ ಹೋದದ್ದುಂಟು. ನಾನು ಕೊಟ್ಟಿದ್ದ ನಾಲ್ಕು ಸಾಲಿಗೆ ಅವರು ಕೈ ಸೋಲುವಷ್ಟು ಬರೆಸಿದರು. ರಸ್ತೆಯಾದರೆ ಕಳ್ಳರು ಬರುತ್ತಾರೆ, ಬಸ್ಸಿನ ಹಾರನ್ನಿಗೆ ದನ ಹಾಲು ಕೊಡುವುದಿಲ್ಲ, ಮಕ್ಕಳು ಪುತ್ತೂರಿಗೆ ಹೋಗಿ ಸಿನಿಮಾ ನೋಡುತ್ತಾರೆ...

“ಇದೆಲ್ಲ ನಾನು ಬರೆದದ್ದಾ ಗೌಡ್ರೆ?”

“ಬರೆದದ್ದು ನೀವೇ. ನಾನು ಅರ್ಥ ಬಿಡಿಸಿದ್ದು ಮಾತ್ರ.”

“ಕೊನೆಗೆ ನೀವು ಸೋಲ್ಬೇಕು, ಮರೀಬೇಡಿ.”

“ಅದಕ್ಕೆಂತ? ಶೀನಪ್ಪ ಸೋಲಿಸ್ಲಿ, ಸೋಲ್ತೇನೆ.”

ಯುವಕನ ಮಾತನ್ನು ಹೇಗೋ ಹೊಸದಾಗಿ ಹೊಸೆದು ಸೇರಿಸಿದೆ. ಈ ಸಲ ಮೂರು ಪ್ರತಿ! ಒಂದು ಭತ್ತ ತುಂಬಿಡುವ ಪತ್ತಾಯದಲ್ಲಿ, ಒಂದು ಅಟ್ಟದಲ್ಲಿ, ಒಂದು ನನ್ನ ಕಂಕುಳಲ್ಲಿ. ಮೂರರಲ್ಲೂ ನನ್ನ ಹೆಸರು ದಪ್ಪಕ್ಷರದಲ್ಲಿ.

ನಾಟಕದ ಸಂಜೆ ಸಾಹೇಬರು ಜೀಪನ್ನು ಹೊಳೆಯಾಚೆ ಬಿಟ್ಟು ನಡೆದೇ ಬಂದರು. ಒಳ್ಳೆಯದೇ ಆಯಿತು, ಕಷ್ಟ ಗೊತ್ತಾಗಲಿ ಎಂದುಕೊಂಡೆ. ಗೌಡರು ಶುರು ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ನಾನು ಬೆವರಿನಲ್ಲಿ ತೊಯ್ದು, “ಶೀನಪ್ಪ, ಹೇಳು! ಆಸ್ಪತ್ರೆಗೆ ದಾರಿ ಬೇಡವಾ ಅಂತ ಕೇಳು!” ಎಂದು ಗೋಗರೆಯುತ್ತಿದ್ದೆ. ಚಪ್ಪಾಳೆಯ ಸದ್ದಿನಲ್ಲಿ ಅವನಿಗದು ಕೇಳಿಸಲೇ ಇಲ್ಲ.

“ಪಟೇಲರೇ! ನೀವು ಹೇಳುದು ಸರಿ!” ಎಂದವನೇ ಗೌಡರ ಕಾಲಿಗೆ ಬಿದ್ದುಬಿಟ್ಟ.

ಪರದೆ ಬಿತ್ತು. ಸಾಹೇಬರು ಕಣ್ಣೊರೆಸಿಕೊಂಡು ಬಂದು ನನ್ನ ಕೈ ಹಿಡಿದರು.

“ನಿಮ್ಮ ಊರಿನವರ ಮನಸ್ಸು ನಮಗೆ ತಿಳಿದೇ ಇರಲಿಲ್ಲ ಮಾಸ್ಟ್ರೆ. ಒಂದು ಪ್ರತಿ ಕೊಡಿ, ರಸ್ತೆಯ ಫೈಲಿಗೆ ಲಗತ್ತಿಸ್ತೇನೆ.”

ಪ್ರತಿ ಇಲ್ಲ ಎನ್ನಲು ಬಾಯಿ ತೆರೆದೆ. ಕಂಕುಳಲ್ಲಿದ್ದದ್ದನ್ನು ಅವರೇ ಎಳೆದುಕೊಂಡರು. ಶೀನಪ್ಪನಿಗೆ ಹೇಳಿಕೊಡಲು ಬಿಡಿಸಿಟ್ಟಿದ್ದ ಯುವಕನ ಮಾತಿನ ಹಾಳೆಗಳು ಮಾತ್ರ ನನ್ನ ಕೈಯಲ್ಲೇ ಉಳಿದವು. ಈ ಊರಿಗೆ ರಸ್ತೆ ಬೇಡವೆಂದು ಸರಕಾರಕ್ಕೆ ಬರೆದುಕೊಟ್ಟ ಮಹಾನುಭಾವ ಯಾರೆಂದು ಯಾರಾದರೂ ಕೇಳಿದರೆ, ದಾಖಲೆ ಸಮೇತ ನಾನೇ!