ಕೀಲಿನ ಕಡೆ ಕಾದು ನಿಲ್ಲುವ ಸೂಪರ್‌ವೈಸರ್ ಅವರಿಗೆ

ಗೆ,
ಶ್ವಾನಶ್ರೇಷ್ಠ ಸೂಪರ್‌ವೈಸರ್ ಅವರು,
ಹಾಲಿ ಮೊಕ್ಕಾಂ: ನಡುಮನೆಯ ಕಪಾಟಿಗೂ ಗೋಡೆಗೂ ನಡುವಿನ ಸಂದಿ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ಅದರಲ್ಲೂ ಸೆಟೆದುಕೊಂಡಿರುವ ಹಿಂದಿನ ಎಡಪಾದಕ್ಕೆ ವಿಶೇಷವಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವೆಲ್ಲರೂ ಕ್ಷೇಮ. ತಾವು ಕಪಾಟಿನ ಹಿಂದಿನಿಂದ ಸೀನುತ್ತಿರುವುದು ಇಲ್ಲಿಗೇ ಕೇಳುತ್ತಿರುವುದರಿಂದ ತಮ್ಮ ಕ್ಷೇಮಸಮಾಚಾರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಮನೆಯೊಳಗಿನ ವಿಷಯವನ್ನು ಹೀಗೆ ಬಹಿರಂಗ ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಹೇಳಿಕೊಂಡದ್ದನ್ನೆಲ್ಲ ತಾವು ಕಿವಿ ನಿಮಿರಿಸಿ, ತಲೆ ವಾಲಿಸಿ, ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡು, ನಾನು ಬೆನ್ನು ತಿರುಗಿಸುವಷ್ಟರಲ್ಲಿ ಮರೆತುಬಿಡುತ್ತೀರಿ. ನಾಲ್ಕು ಜನಕ್ಕೆ ಗೊತ್ತಿದ್ದರೆ ಅವರಾದರೂ ತಮಗೆ ನೆನಪು ಮಾಡಿಯಾರು ಎಂಬ ಆಸೆ ನನ್ನದು.

ನಾನು ಯಾರೆಂಬುದು ಬೆಳಿಗ್ಗೆ ಗೊತ್ತಿದ್ದು ಸಂಜೆಗೆ ಗೊತ್ತಿಲ್ಲದಾಗುವುದು ತಮಗೆ ರೂಢಿಯಾಗಿರುವುದರಿಂದ ಮೊದಲು ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಈ ಮನೆಯ ಯಜಮಾನನೆಂದು ರೇಷನ್ ಕಾರ್ಡಿನಲ್ಲಿ ಮಾತ್ರ ಹೆಸರಿರುವ ಬಡಗಿ. ಬಾಗಿಲು ಕಿಟಕಿ ಮಾಡುವುದು ನನ್ನ ಕಸುಬು. ನಡುಮನೆಗೆ ಅಂಟಿಕೊಂಡಂತೆ, ನಡುವೆ ಒಂದು ಬಾಗಿಲಿಟ್ಟು, ನನ್ನ ಕೆಲಸದ ಕೊಟ್ಟಿಗೆಯಿದೆ. ತಾವು ಕಣ್ಣು ಬಿಟ್ಟ ಹೊಸದರಲ್ಲಿ ಆ ಕೊಟ್ಟಿಗೆಗೆ ಬಂದು, ನಾನು ಮರ ನುಣುಪು ಮಾಡಲು ಹತ್ತರಿ ಉಜ್ಜುವಾಗ ಉದುರುವ ಸುರುಳಿ ಸುರುಳಿ ಸಿಪ್ಪೆಯ ರಾಶಿಯ ಮೇಲೆ ಮಲಗಿ, ನಾವು ಬೆವರು ಸುರಿಸುವುದನ್ನು ಅರೆಗಣ್ಣಿನಲ್ಲಿ ನೋಡುತ್ತ, ತಾವು ಮಾತ್ರ ಕಡ್ಡಿ ಎತ್ತಿಡದೆ ಇದ್ದುದನ್ನು ಕಂಡ ಗಿರಾಕಿಯೊಬ್ಬರು, "ಇವ್ರೇನು ಸೂಪರ್‌ವೈಸರಾ?" ಎಂದು ಕೇಳಿದಂದಿನಿಂದ ಆ ಹುದ್ದೆ ತಮಗೆ ಖಾಯಂ ಆಯಿತು. ನಿವೃತ್ತಿಯ ವಯಸ್ಸು ಯಾವಾಗಲೋ ದಾಟಿದ್ದರೂ ತಾವು ಕುರ್ಚಿ ಬಿಟ್ಟಿಲ್ಲ. ಆ ಕುರ್ಚಿಯೂ ನನ್ನದೇ ಎಂಬುದನ್ನು ಸಂಕೋಚದಿಂದ ತಿಳಿಸುತ್ತೇನೆ.

ಈಗ ದೂರುಗಳಿಗೆ ಬರುತ್ತೇನೆ. ತಾವು ಬೆಳಗಿನ ಊಟವನ್ನು ತಟ್ಟೆ ಹೊಳೆಯುವಂತೆ ಮುಗಿಸಿ, ಮೀಸೆಯಲ್ಲಿ ಅನ್ನದ ಅಗುಳು ಅಂಟಿಸಿಕೊಂಡೇ ನನ್ನ ಹೆಂಡತಿಯ ಮುಂದೆ ಕುಳಿತು, ಹುಟ್ಟಿದಾಗಿನಿಂದ ಏನೂ ತಿಂದಿಲ್ಲದವರ ಮುಖ ಮಾಡುತ್ತೀರಿ. ಆಕೆ ಕರಗಿ ಎರಡನೇ ಸಲ ಬಡಿಸುತ್ತಾಳೆ. ಆಮೇಲೆ ಅದೇ ಮುಖವನ್ನು ನಮ್ಮ ಅತ್ತೆಯವರ, ಅಂದರೆ ನನ್ನ ಹೆಂಡತಿಯ ತಾಯಿಯವರ ಮುಂದೆ ಒಯ್ಯುತ್ತೀರಿ. ಅವರು, "ನನ್ನ ಮಗಳು ಈ ಮುದಿ ಜೀವಕ್ಕೆ ಒಂದು ಹಿಡಿ ಹಾಕಲ್ವಲ್ಲ" ಎಂದು ಮರುಗುತ್ತ ಮೂರನೆಯದನ್ನು ಬಡಿಸುತ್ತಾರೆ. ತಾಯಿ ಮಗಳು ಈ ವಿಷಯಕ್ಕೆ ಮಾತು ಬಿಟ್ಟಾಗ ರಾಜಿ ಮಾಡಿಸಬೇಕಾದವನು ನಾನು. ತಾವು ಅಷ್ಟು ಹೊತ್ತಿಗೆ ಕಾಲೊರಸಿನ ಮೇಲೆ ಮೂತ್ರ ವಿಸರ್ಜಿಸಿ, ಇದು ಯಾರ ಕೆಲಸವೆಂದು ಅತ್ತೆಯವರನ್ನು ದುರುಗುಟ್ಟಿ ನೋಡುತ್ತಿರುತ್ತೀರಿ.

ಕಪಾಟಿನ ಸಂದಿಗೆ ನುಗ್ಗುವ ಕಲೆಯಲ್ಲಿ ತಾವು ಎತ್ತಿದ ಕೈ, ಅದನ್ನು ಒಪ್ಪುತ್ತೇನೆ. ಹಿಂದಕ್ಕೆ ಹೆಜ್ಜೆಯಿಡುವ ವಿದ್ಯೆ ಮರೆತಿರುವುದರಿಂದ ತಾವು ಒಳಗೆ ಹೋದಾಗಲೆಲ್ಲ ಮನೆಮಂದಿ ಸೇರಿ ಕಪಾಟನ್ನೇ ಎಳೆಯಬೇಕು. ಬೀಟೆ ಮರದ ಕಪಾಟು, ನಾನೇ ಮಾಡಿದ್ದು, ಮುಂದಿನ ತಲೆಮಾರಿಗೂ ಅಲುಗಬಾರದೆಂದು ಮಾಡಿದ್ದು.

ಇದೆಲ್ಲವನ್ನೂ ಸಹಿಸಬಹುದು. ಆದರೆ ಸಂಜೆ ನಾನು ಗಿರಾಕಿಗಳ ಮನೆಯಲ್ಲಿ ಬಾಗಿಲು ಕೂಡಿಸಿ ಬಂದಾಗ ತಾವು ನೀಡುವ ಸ್ವಾಗತದ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ತಮ್ಮ ಯೌವನದಲ್ಲಿ ಒಬ್ಬ ಕಳ್ಳ ಕೊಟ್ಟಿಗೆಗೆ ನುಗ್ಗಿ ಹಿತ್ತಾಳೆ ಚಿಲಕಗಳನ್ನೆಲ್ಲ ಗೋಣಿಗೆ ತುಂಬಿಕೊಂಡು ಹೋದಾಗ ತುಟಿ ಪಿಟಕ್ಕೆನ್ನದೆ ಬಾಲವಾಡಿಸಿದ ತಾವು, ಈಗ ನನ್ನನ್ನು ಹೊಸ್ತಿಲಲ್ಲಿ ತಡೆದು, ಬೀದಿಗೆಲ್ಲ ಕೇಳುವಂತೆ ಬೊಗಳುತ್ತೀರಿ. ಮೊನ್ನೆ ಜೊತೆಗೆ ಬಂದಿದ್ದ ಗಿರಾಕಿ, "ನಿಮ್ಮನೆ ನಾಯಿಗೇ ನೀವು ಯಾರು ಅಂತ ಗೊತ್ತಿಲ್ವಲ್ಲ, ನಿಮ್ಮನ್ನ ನಂಬಿ ನಾನು ಮುಂಬಾಗಿಲು ಮಾಡಿಸ್ಲಾ?" ಎಂದರು. ನಾನು ನಕ್ಕೆ, ಆದರೆ ನನಗೆ ನೋವಾಯಿತು. ಆಮೇಲೆ ತಾವು ನನ್ನ ಪ್ಯಾಂಟಿಗೆ ಮೆತ್ತಿದ ಮರದ ಪುಡಿಯನ್ನು ಮೂಸಿ, ಗುರುತು ಹತ್ತಿ, ಸಮುದ್ರ ದಾಟಿ ಹೋದವನು ತಿರುಗಿ ಬಂದನೇನೋ ಎಂಬಂತೆ ಮೈಮೇಲೆ ಬಿದ್ದು ಅಳುದನಿ ತೆಗೆಯುತ್ತೀರಿ. ನನ್ನ ಸ್ವಂತ ಹೆಂಡತಿ ಮದುವೆಯಾದ ಹೊಸದರಲ್ಲೂ ನನ್ನನ್ನು ಕಂಡು ಇಷ್ಟು ಸಂತೋಷಪಟ್ಟವಳಲ್ಲ ಎಂಬುದನ್ನು ಆಕೆಯ ಅನುಮತಿಯಿಲ್ಲದೆ ಇಲ್ಲಿ ದಾಖಲಿಸುತ್ತೇನೆ.

ತಮ್ಮನ್ನು ಪಶುವೈದ್ಯರ ಬಳಿ ಕರೆದುಕೊಂಡು ಹೋಗಿದ್ದು ತಮಗೆ ನೆನಪಿರಲಾರದು. ವಯಸ್ಸಾದ ಮನುಷ್ಯರಿಗೆ ಬರುವ ಮರೆವೇ ತಮಗೂ ಬಂದಿದೆಯೆಂದೂ, ಔಷಧಿಯಿಂದ ಸ್ವಲ್ಪ ತಡೆಯಬಹುದೇ ಹೊರತು ಹೋದದ್ದನ್ನು ವಾಪಸು ತರಲಾಗದೆಂದೂ ಹೇಳಿದ ಅವರು, ಕೊನೆಗೆ ದನಿ ತಗ್ಗಿಸಿ, "ಮನೆಯವ್ರೆಲ್ಲ ಕೂತು ಯೋಚ್ನೆ ಮಾಡಿ. ಇದು ತಾನಾಗೇ ಇಷ್ಟಪಟ್ಟು ಮಾಡೋ ಕೆಲಸ ಒಂದಾದ್ರೂ ಉಳಿದಿದ್ರೆ ಇರ್ಲಿ. ಏನೂ ಇಲ್ಲ ಅಂದ್ರೆ ಕರ್ಕೊಂಡು ಬನ್ನಿ, ನೋವಾಗದ ಹಾಗೆ ಕಳಿಸಿಕೊಡೋಣ" ಎಂದರು. ತಾವು ಆ ಹೊತ್ತಿನಲ್ಲಿ ಅವರ ಮೇಜಿನ ಕಾಲಿಗೆ ನಮಸ್ಕಾರ ಮಾಡುವ ಭಂಗಿಯಲ್ಲಿ ಹಣೆಯೊತ್ತಿ ನಿಂತಿದ್ದಿರಿ.

ಅದರಂತೆ ನಾವು ಸಭೆ ಸೇರಿದೆವು. ಚೆಂಡು ಎಸೆದರೆ ತಾವು ಚೆಂಡನ್ನಲ್ಲ, ಎಸೆದ ಕೈಯನ್ನು ನೋಡುತ್ತೀರಿ. ಬೀದಿಗೆ ಕರೆದುಕೊಂಡು ಹೋದರೆ ನಡುಗುತ್ತೀರಿ. ಹೊಟ್ಟೆ ಕೆರೆದರೆ ಬೆಚ್ಚುತ್ತೀರಿ. ಊಟ ಇಷ್ಟವೆನ್ನೋಣವೆಂದರೆ ಅದು ಮರೆವಿನ ಲೆಕ್ಕಕ್ಕೆ ಹೋಗುತ್ತದೆ. ನನ್ನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ನಾನು, ಹಾಗಾದರೆ ಏನೂ ಉಳಿದಿಲ್ಲವೆಂದೇ ಹೇಳಬೇಕಾಗುತ್ತದೆ ಎಂದೆ.

ಆಗ ಎದ್ದವರು ನಮ್ಮ ಅತ್ತೆಯವರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ದಿನವೂ ಮನೆಯೆಲ್ಲ ಹುಡುಕುವ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ತಮ್ಮ ಅವಗಾಹನೆಗೆ ತರುತ್ತೇನೆ: "ಅಳಿಯಂದ್ರೇ, ಮರೆತೋರ್ನೆಲ್ಲ ಕಳಿಸಿಕೊಡೋದಾದ್ರೆ ಕ್ಯೂನಲ್ಲಿ ಮುಂದೆ ನಾನಿದ್ದೀನಿ. ನೀವು ಆ ಕಡೆ ಹತ್ತರಿ ಉಜ್ಜೋಕೆ ಶುರು ಮಾಡಿದ ತಕ್ಷಣ ಇದು ಈ ಕಡೆ ಎದ್ದು ಹೋಗಿ ಬಾಗಿಲ ಹತ್ರ ನಿಲ್ಲುತ್ತೆ. ನೀವು ನಿಲ್ಲಿಸಿದ್ರೆ ವಾಪಸ್ ಬರುತ್ತೆ. ಅದಕ್ಕೆ ಕೆಲಸಕ್ಕೆ ಹೋಗಬೇಕು. ನಿಮ್ಮ ಬಾಗಿಲೇ ತಪ್ಪು ಕಡೆ ತೆರೆಯುತ್ತೆ."

ಹೋಗಿ ನೋಡಿದೆ. ಬಾಗಿಲು ತೆರೆದುಕೊಳ್ಳುವುದು ಚಿಲಕವಿರುವ ಕಡೆ; ತಾವು ಮೂಗು ತಾಗಿಸಿ ನಿಲ್ಲುತ್ತಿದ್ದುದು ಬಾಗಿಲು ತಿರುಗುವ ಕೀಲುಗಳಿರುವ ಕಡೆ. ಆ ಕಡೆಯ ಚೌಕಟ್ಟಿನಲ್ಲಿ, ಸರಿಯಾಗಿ ತಮ್ಮ ಮೂಗಿನ ಎತ್ತರಕ್ಕೆ, ಬಣ್ಣ ಸವೆದು ಮರ ಕಾಣುತ್ತಿತ್ತು. ತಾವು ಗೋಡೆ ನೋಡುತ್ತೀರೆಂದು ನಾವು ಕೊರಳುಪಟ್ಟಿ ಹಿಡಿದು ಈಚೆಗೆ ಎಳೆದು ತರುತ್ತಿದ್ದೆವು. ತಾವು ನನ್ನ ಬಳಿಗೆ ಬರಲು ಕಾಯುತ್ತಿದ್ದಿರಿ. ಬಾಗಿಲು ಮಾಡಿ ಹೊಟ್ಟೆ ಹೊರೆಯುವವನಿಗೆ ಇದು ಹೊಳೆಯಲಿಲ್ಲವೆಂದು ಯಾರಿಗೂ ಹೇಳಬೇಡಿ; ಹೇಳುವುದಿದ್ದರೂ ತಮಗೆ ನೆನಪಿರುವುದಿಲ್ಲ ಎಂಬುದೇ ಸಮಾಧಾನ.

ಆ ಭಾನುವಾರವೇ ಬಾಗಿಲು ಕಳಚಿದೆ. ಹಳೆಯ ಕೀಲುಗಳ ಗುಳಿಗೆ ಮರದ ಚೂರು ತುಂಬಿ, ಎದುರು ಬದಿಯಲ್ಲಿ ಹೊಸ ಗುಳಿ ಕೆತ್ತಿ, ಕೀಲಿದ್ದ ಕಡೆ ಚಿಲಕ, ಚಿಲಕವಿದ್ದ ಕಡೆ ಕೀಲು ಮಾಡಿದೆ. ಪರಿಣಾಮವಾಗಿ ಬಾಗಿಲು ತೆರೆದರೆ ಸ್ವಿಚ್‌ಬೋರ್ಡು ಮುಚ್ಚಿಹೋಗುತ್ತದೆ. ನನ್ನ ಹೆಂಡತಿ ಕಾಫಿ ಲೋಟಗಳೊಂದಿಗೆ ಕೀಲಿನ ಬದಿಗೆ ಡಿಕ್ಕಿ ಹೊಡೆದಳು. ಅತ್ತೆಯವರು ಕೀಲಿನ ಕಡೆ ತಳ್ಳುತ್ತ, "ಯಾರೋ ಒಳಗಿಂದ ಚಿಲಕ ಹಾಕಿದ್ದಾರೆ" ಎಂದು ಕೂಗುತ್ತಾರೆ. ಮನೆಯಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಗೊತ್ತಿರುವ ಏಕೈಕ ವ್ಯಕ್ತಿ ತಾವೇ ಆದಿರಿ. ನಾನು ಹತ್ತರಿ ಹಿಡಿದೆ, ಹೆಂಡತಿ ಬಾಗಿಲು ತೆರೆದಳು, ತಾವು ಹಳೆಯ ಠೀವಿಯಿಂದ ಒಳಗೆ ಬಂದು, ಸಿಪ್ಪೆಯ ರಾಶಿಯ ಮೇಲೆ ಉರುಳಿ, ಎರಡು ಸೀನು ಸೀನಿ, ಅರೆಗಣ್ಣು ಮಾಡಿ ನನ್ನ ಕೆಲಸದಲ್ಲಿ ತಪ್ಪು ಹುಡುಕತೊಡಗಿದಿರಿ. ವೈದ್ಯರಿಗೆ ಫೋನ್ ಮಾಡಿ, ಒಂದು ಕೆಲಸ ಉಳಿದಿದೆ ಎಂದು ತಿಳಿಸಿದೆವು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಮರೆಯಲೇಬೇಕಿದ್ದರೆ ದಯವಿಟ್ಟು ಹಿರಿತನದ ಪ್ರಕಾರ ಮರೆಯಿರಿ: ಮೊದಲು ಪಕ್ಕದ ಮನೆಯ ಬೆಕ್ಕನ್ನು, ಆಮೇಲೆ ಸ್ನಾನದ ಬಕೆಟ್ಟನ್ನು, ಬೇಕಾದರೆ ನನ್ನ ಮುಖವನ್ನೂ, ಹತ್ತರಿಯ ಸದ್ದನ್ನು ಕೊನೆಗಿಡಿ. ಹೊರಡುವ ದಿನ ಬಂದಾಗ ಸಾಧ್ಯವಾದರೆ ತಾವೇ ಬಾಯಿಬಿಟ್ಟು ತಿಳಿಸಬೇಕು, ಏಕೆಂದರೆ ಅದನ್ನು ತೀರ್ಮಾನಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಇದೂ ಆಗದಿದ್ದರೆ, ಕನಿಷ್ಠಪಕ್ಷ ಆ ಕಪಾಟಿನ ಹಿಂದಿನಿಂದ ಹೊರಬರುವ ಕೃಪೆ ಮಾಡಿ. ಈಗಷ್ಟೇ ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಕೂತಿದ್ದೇನೆ.

ಇಂತು, ಸಂಜೆ ಮತ್ತೊಮ್ಮೆ ಪರಿಚಯ ಮಾಡಿಕೊಳ್ಳಲಿರುವ,
ತಮ್ಮ ವಿಶ್ವಾಸಿ,
ಬಡಗಿ

ಮರೆತ ಮಾತು: ಈ ಪತ್ರ ಮುಗಿಸಿ ಕಪಾಟು ಎಳೆದು ತಮ್ಮನ್ನು ಬಿಡಿಸಿದ ಮೇಲೆ ನಾನು ಕೆಲಸಕ್ಕೆ ಕುಳಿತರೆ, ತಾವು ನೇರವಾಗಿ ಹೋಗಿ ಬಾಗಿಲಿನ ಇನ್ನೊಂದು ಬದಿಗೆ, ಅಂದರೆ ನಾನು ಈಗ ಕೀಲು ಕೂಡಿಸಿರುವ ಬದಿಗೆ ನಿಂತಿರಿ. ತಮ್ಮ ಹಟಕ್ಕೆ ಕೈಮುಗಿದು, ನಾನು ಬಾಗಿಲನ್ನೇ ಕಿತ್ತು ಗೋಡೆಗೆ ಒರಗಿಸಿದೆ. ಬಾಗಿಲು ಮಾಡುವವನ ಮನೆಗೇ ಬಾಗಿಲಿಲ್ಲವೆಂದು ಗಿರಾಕಿಗಳು ನಗುವುದು ಇನ್ನು ಬಾಕಿ. ಕಳ್ಳ ಬಂದರೆ ನನಗೆ ಬೊಗಳುವುದರ ಅರ್ಧದಷ್ಟಾದರೂ ಅವನಿಗೆ ಬೊಗಳಬೇಕಾಗಿ ಪ್ರಾರ್ಥನೆ. ಇಷ್ಟಾದರೂ ತಾವು ಒಳಗೆ ಬರಲಿಲ್ಲ. ಖಾಲಿ ಚೌಕಟ್ಟಿನ ಮುಂದೆ ಬಾಲ ಆಡಿಸುತ್ತ, ಯಾರಾದರೂ ತೆರೆಯಲಿ ಎಂದು ನಿಂತೇ ಇದ್ದಿರಿ. ಕೊನೆಗೆ ನಾನು ಎದ್ದು ಬಂದು, ಇಲ್ಲದ ಚಿಲಕ ಸರಿಸಿ, ಇಲ್ಲದ ಬಾಗಿಲನ್ನು ತೆರೆದೆ. ತಾವು ಗಂಭೀರವಾಗಿ ಒಳಗೆ ಬಂದಿರಿ. ನಡುಮನೆಯಿಂದ ಅತ್ತೆಯವರು, "ಅಳಿಯಂದ್ರೇ, ಗಾಳಿ ಬರ್ತಿದೆ, ಬಾಗಿಲು ಸ್ವಲ್ಪ ಮುಂದೆ ಎಳ್ಕೊಳ್ಳಿ" ಎಂದರು. ನಾನು ಎಳೆದುಕೊಂಡೆ.